ಒಂದೇ ಕೌದಿ, ಹಲವು ವಯಸ್ಸು

ಈ ಮೇಜಿನ ಮೇಲೆ ಹಾಸಿರುವ ಕೌದಿಯನ್ನು ಮೊದಲು ಕೂತಲ್ಲಿಂದಲೇ ನೋಡಿ. ನಾನೇ ಹೊಲಿದದ್ದು, 19 ವರ್ಷವಾಯಿತು. ಉದ್ದಕ್ಕೆ 12, ಅಗಲಕ್ಕೆ 8, ಒಟ್ಟು 96 ತುಂಡು. ಎಲ್ಲವನ್ನೂ ಒಂದೇ ಚಳಿಗಾಲದಲ್ಲಿ, ಒಂದೇ ಬಗೆಯ ದಾರದಲ್ಲಿ ಜೋಡಿಸಿದೆ. ಅವತ್ತಿನಿಂದ ಒಂದೇ ಮನೆಯವರು ಹೊದ್ದಿದ್ದಾರೆ, ಒಂದೇ ನೀರಿನಲ್ಲಿ ಒಗೆದಿದ್ದೇವೆ, ಒಂದೇ ಜಾಗದಲ್ಲಿ ಒಣಗಿಸಿದ್ದೇವೆ. ಆದರೂ ಇದರಲ್ಲಿ ಕೆಲವು ತುಂಡು ಮೊನ್ನೆ ಮೊನ್ನೆ ಕತ್ತರಿಸಿದಂತಿವೆ. ಕೆಲವನ್ನು ಬೆಳಕಿಗೆ ಹಿಡಿದರೆ ಹಿಂದೆ ಇಟ್ಟ ಬೆರಳು ಕಾಣುತ್ತದೆ. ಮೂರು ತುಂಡು ಈಗ ಇಲ್ಲವೇ ಇಲ್ಲ. ಅವಿದ್ದ ಜಾಗದಲ್ಲಿ ಸುತ್ತಲ ಹೊಲಿಗೆ ಮಾತ್ರ ಚೌಕಟ್ಟಿನಂತೆ ಉಳಿದಿದೆ, ಒಳಗಿನ ಪದರ ಇಣುಕುತ್ತಿದೆ.

ಕೌದಿಗೆ ಎಷ್ಟು ವಯಸ್ಸು ಎಂದು ಕೇಳಿದರೆ ನಾನು ಒಂದು ಸಂಖ್ಯೆ ಹೇಳಲಾರೆ. ಒಂದೊಂದು ತುಂಡಿಗೂ ಒಂದೊಂದು ವಯಸ್ಸು. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ, ಇವತ್ತಿನ ಮಾತೆಲ್ಲ ಅದರ ಸುತ್ತಲೇ. ಕೌದಿಯಲ್ಲಿ ಬಟ್ಟೆಯ ಆಯಸ್ಸನ್ನು ಅರ್ಧ ಅದರ ಎಳೆ ನಿರ್ಧರಿಸಿದರೆ, ಇನ್ನರ್ಧ ಅದರ ಪಕ್ಕದಲ್ಲಿ ಕೂತಿರುವ ಬಟ್ಟೆ ನಿರ್ಧರಿಸುತ್ತದೆ. ಹೊಲಿಯಲು ಕೂತಾಗ ನಾವು ಬಣ್ಣಕ್ಕೆ ಬಣ್ಣ ಹೊಂದಿಸುತ್ತೇವೆ, ಸ್ವಭಾವಕ್ಕೆ ಸ್ವಭಾವ ಹೊಂದಿಸುವುದಿಲ್ಲ. ನಾನೂ ಹೊಂದಿಸಿರಲಿಲ್ಲ.

ಹತ್ತಿಯಿಂದ ಶುರು ಮಾಡೋಣ. ಕೌದಿಗೆ ಹತ್ತಿಯೇ ಯಾಕೆ ಅಷ್ಟು ಒಗ್ಗುತ್ತದೆ ಎನ್ನುವುದಕ್ಕೆ ಒಂದು ಒಳ್ಳೆಯ ಕಾರಣವಿದೆ. ಹತ್ತಿಯ ಎಳೆ ಒದ್ದೆಯಾದಾಗ ಒಣಗಿದ್ದಕ್ಕಿಂತ ಗಟ್ಟಿ. ಶೇಕಡಾ 10ರಿಂದ 20ರಷ್ಟು ಹೆಚ್ಚು ಎಳೆತ ತಡೆಯುತ್ತದೆ. ನೆನೆಸಿ, ಕುಕ್ಕಿ, ಹಿಂಡಿ, ಬಡಿದು ಒಗೆದರೂ ಅದು ಬಾಳುವುದು ಇದರಿಂದ. ಬೇರೆ ಬಟ್ಟೆಗಳು ನೀರಿನಲ್ಲಿ ಸೋಲುವಾಗ ಇದು ಬಲಿಯುತ್ತದೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹತ್ತಿಯ ಎಳೆ ಒಣಗಿ ಚಪ್ಪಟೆಯಾಗಿ ತಿರುಚಿಕೊಂಡ ರಿಬ್ಬನ್ನಿನಂತೆ ಕಾಣುತ್ತದೆ. ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಮತ್ತೆ ಕುಗ್ಗುತ್ತದೆ. ಪ್ರತಿ ಒಗೆತಕ್ಕೂ ಈ ಉಬ್ಬು-ಕುಗ್ಗು ನಡೆದೇ ಇರುತ್ತದೆ. ಮೊದಲ ಕೆಲವು ಒಗೆತಗಳಲ್ಲಿ ಬಟ್ಟೆ ಕುಗ್ಗುವುದಕ್ಕೆ ಕಾರಣವೂ ಇಲ್ಲೇ ಇದೆ. ಮಗ್ಗದಲ್ಲಿ ಬಿಗಿಯಾಗಿ ಎಳೆದು ಕಟ್ಟಿದ ನೂಲು ನೀರು ಸಿಕ್ಕಿದ ಕೂಡಲೇ ಸಡಿಲಗೊಂಡು ತನ್ನ ಸಹಜ ಅಳತೆಗೆ ಬರುತ್ತದೆ. ಹೊಸ ಬಟ್ಟೆಯನ್ನು ಒಗೆಯದೆ ಹೊಲಿದರೆ ಈ ಕುಗ್ಗುವಿಕೆಯೆಲ್ಲ ಕೌದಿಯೊಳಗೇ ನಡೆಯುತ್ತದೆ, ಟಾಕೆ ಟಾಕೆಗೂ ಸುಕ್ಕು ಏಳುತ್ತದೆ. ಕೆಲವರಿಗೆ ಆ ಸುಕ್ಕು ಇಷ್ಟ. ನನಗೂ ಇಷ್ಟವೇ. ಆದರೆ ಎಲ್ಲ ತುಂಡೂ ಒಟ್ಟಿಗೆ ಕುಗ್ಗಿದಾಗ ಮಾತ್ರ ಅದು ಚೆಂದ. ಒಂದು ಕುಗ್ಗಿ, ಪಕ್ಕದ್ದು ಕುಗ್ಗದೆ ನಿಂತರೆ ಅದು ಸುಕ್ಕಲ್ಲ, ಜಗ್ಗಾಟ.

ಆಮೇಲೆ ಮೆತ್ತಗಾಗುವ ಕಾಲ ಬರುತ್ತದೆ. ಹೊಸ ಬಟ್ಟೆಯ ಗಂಜಿ ಹೋಗುತ್ತದೆ, ನೂಲಿನ ಹುರಿ ಅಲ್ಲಲ್ಲಿ ಸಡಿಲವಾಗುತ್ತದೆ, ಮೇಲೆದ್ದ ಜುಂಗು ಉದುರುತ್ತದೆ. ವಾಷಿಂಗ್ ಮಷೀನಿನ ಜಾಲರಿಯಲ್ಲಿ ಸೇರುವ ಬೂದು ಬಣ್ಣದ ಆ ಮೆತ್ತನೆ ಕಸವನ್ನು ನೋಡಿದ್ದೀರಲ್ಲ, ಅದು ಕೊಳೆಯಲ್ಲ. ಅದು ನಿಮ್ಮ ಬಟ್ಟೆಯೇ. ಪ್ರತಿ ಒಗೆತಕ್ಕೂ ಕೌದಿ ಚೂರು ಚೂರೇ ಕಳೆದುಕೊಳ್ಳುವುದು ಅಲ್ಲಿ ಸಿಗುತ್ತದೆ. ನಾವು ಹಳೆ ಹತ್ತಿ ಹಿತ ಎನ್ನುತ್ತೇವೆ. ಆ ಹಿತ ಬಂದದ್ದು ಸವೆತದಿಂದಲೇ. ಮೆತ್ತಗಾಗುವುದಕ್ಕೂ ಹರಿಯುವುದಕ್ಕೂ ನಡುವೆ ಹಲವು ವರ್ಷಗಳಿವೆ ನಿಜ, ಆದರೆ ಎರಡೂ ಒಂದೇ ದಾರಿಯ ಮೇಲಿನ ಊರುಗಳು.

ಹತ್ತಿ ಎಂದರೆ ಒಂದೇ ಬಟ್ಟೆಯಲ್ಲ ಎನ್ನುವುದನ್ನೂ ನೆನಪಿಡಬೇಕು. ಪಾಪ್ಲಿನ್ ಒಂದು ಬಗೆ, ಮಲ್ ಬಟ್ಟೆ ಇನ್ನೊಂದು, ಸ್ಯಾಟಿನ್ ನೇಯ್ಗೆಯ ಹತ್ತಿ ಮತ್ತೊಂದು. ಸಾದಾ ನೇಯ್ಗೆಯಲ್ಲಿ ಹಾಸು, ಎಂದರೆ ಉದ್ದದ ನೂಲು, ಮತ್ತು ಹೊಕ್ಕು, ಎಂದರೆ ಅಡ್ಡದ ನೂಲು, ಒಂದು ಬಿಟ್ಟು ಒಂದು ಹೆಣೆದುಕೊಂಡಿರುತ್ತವೆ, ಯಾವ ಎಳೆಯೂ ಬಹಳ ಹೊತ್ತು ಮೇಲೆ ತೇಲುವುದಿಲ್ಲ. ಸ್ಯಾಟಿನ್ನಿನಲ್ಲಿ ಒಂದು ಎಳೆ ನಾಲ್ಕಾರು ಎಳೆಗಳ ಮೇಲೆ ಹಾದು ಆಮೇಲೆ ಕೆಳಗಿಳಿಯುತ್ತದೆ. ಹೊಳಪು ಬರುವುದು ಆ ತೇಲುವ ಎಳೆಗಳಿಂದ, ಮೊದಲು ಉಜ್ಜಿಹೋಗುವುದೂ ಅವೇ. ಇಲ್ಲಿ ನೋಡಿ, ಎಡಗಡೆಯಿಂದ ಎರಡನೆಯ ಸಾಲಿನ ಈ ತುಂಡು. ಹಿಂದೆ ಇದು ದಿಂಬಿನ ಚೀಲವಾಗಿತ್ತು, ಹೊಳೆಯುತ್ತಿತ್ತು. ಈಗ ಮೇಲೆ ಬರೀ ತುಪ್ಪಳದಂತಿದೆ.

ಇನ್ನೊಂದು ಸಂಗತಿಯನ್ನು ನಾವು ಮರೆಯುತ್ತೇವೆ. ಕೌದಿಗೆ ಸೇರುವ ಬಟ್ಟೆ ಅಲ್ಲಿ ಹುಟ್ಟುವುದಿಲ್ಲ. ಅಂಗಿಯಾಗಿ, ಪರದೆಯಾಗಿ, ಮಗುವಿನ ಲಂಗವಾಗಿ ಆಗಲೇ ಅರ್ಧ ಆಯಸ್ಸು ಕಳೆದು ಬಂದಿರುತ್ತದೆ. ಒಂದೇ ಪ್ಯಾಂಟಿನಿಂದ ಕತ್ತರಿಸಿದ ಎರಡು ತುಂಡಿಗೂ ಒಂದೇ ವಯಸ್ಸು ಇರುವುದಿಲ್ಲ. ಈ ಎರಡು ನೀಲಿ ತುಂಡುಗಳನ್ನು ನೋಡಿ. ಒಂದು ಮೊಣಕಾಲಿನ ಜಾಗದ್ದು, ಇನ್ನೊಂದು ಹಿಂದಿನ ಜೇಬು ಬಿಚ್ಚಿದಾಗ ಸಿಕ್ಕಿದ್ದು. ಜೇಬಿನ ಅಡಿಯಿದ್ದ ತುಂಡಿನಲ್ಲಿ ಬಿಸಿಲು ಕಾಣದ ಒಂದು ಕಡುನೀಲಿ ಚೌಕ ಹಾಗೇ ಉಳಿದಿದೆ, ಜೇಬಿನ ಹೊಲಿಗೆಯ ತೂತುಗಳ ಸಾಲೂ ಕಾಣುತ್ತದೆ. ಮೊಣಕಾಲಿನದ್ದು ಹೊಲಿಯುವಾಗಲೇ ಬಿಳಿಚಿತ್ತು. ಆರನೆಯ ವರ್ಷಕ್ಕೆ ಹರಿಯಿತು. ಜೇಬಿನಡಿಯದ್ದು ಇವತ್ತಿಗೂ ರಟ್ಟಿನಂತಿದೆ.

ಅಮೆರಿಕದ ಅಲಬಾಮದಲ್ಲಿ ಗೀಸ್ ಬೆಂಡ್ ಎಂಬ ಸಣ್ಣ ಊರಿದೆ. ಅಲ್ಲಿನ ಕಪ್ಪುಜನಾಂಗದ ಹೆಂಗಸರು ಹೊಲಿದ ಕೌದಿಗಳು 2002ರಲ್ಲಿ ದೊಡ್ಡ ವಸ್ತುಸಂಗ್ರಹಾಲಯಗಳ ಗೋಡೆ ಏರಿ ಜಗತ್ತಿಗೆಲ್ಲ ಗೊತ್ತಾದವು. ಮಿಸೌರಿ ಪೆಟ್ವೇ ಎಂಬಾಕೆ 1942ರಲ್ಲಿ ಗಂಡ ತೀರಿಕೊಂಡ ಮೇಲೆ ಆತನ ಕೆಲಸದ ಬಟ್ಟೆಗಳನ್ನೇ ಕತ್ತರಿಸಿ ಒಂದು ಕೌದಿ ಹೊಲಿದರು. ಅದನ್ನು ನೋಡುವಾಗ ನನಗೆ ವಿನ್ಯಾಸಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ನೀಲಿಯ ಏರಿಳಿತ. ಒಂದೇ ನೀಲಿ, ದುಡಿದ ಜಾಗದಲ್ಲಿ ಒಂದು ಬಣ್ಣ, ದುಡಿಯದ ಜಾಗದಲ್ಲಿ ಇನ್ನೊಂದು. ಹೊಲಿಯುವ ಮೊದಲೇ ಆ ಬಟ್ಟೆಗೆ ಒಂದು ಬದುಕು ಆಗಿಹೋಗಿತ್ತು.

ಡೆನಿಮ್ಮಿನ ಮಾತು ಬಂತು, ಅದನ್ನು ಮುಗಿಸಿಬಿಡುತ್ತೇನೆ. ಜೀನ್ಸ್ ಬಟ್ಟೆಯಲ್ಲಿ ಹಾಸಿನ ನೂಲಿಗೆ ಮಾತ್ರ ನೀಲಿ, ಹೊಕ್ಕಿನ ನೂಲು ಬಿಳಿ. ಆ ಹಾಸಿನ ನೂಲಿನಲ್ಲೂ ನೀಲಿ ಒಳಗಿನವರೆಗೆ ಇಳಿದಿರುವುದಿಲ್ಲ. ಇಂಡಿಗೊ ನೂಲಿನ ಹೊರಮೈಗೆ ಉಂಗುರದಂತೆ ಅಂಟಿಕೊಂಡಿರುತ್ತದೆ, ತಿರುಳು ಬಿಳಿಯಾಗಿಯೇ ಇರುತ್ತದೆ. ಮೇಲಿನ ಪದರ ಉಜ್ಜಿದಂತೆಲ್ಲ ಒಳಗಿನ ಬಿಳಿ ಹೊರಬರುತ್ತದೆ. ಹೀಗಾಗಿ ಡೆನಿಮ್ ಎಲ್ಲಿ ಮಡಚುತ್ತದೋ ಅಲ್ಲಿ ಬೆಳ್ಳಗಾಗುತ್ತದೆ. ಅದು ಬಣ್ಣ ಮಾಸಿದ್ದಕ್ಕಿಂತ ಹೆಚ್ಚಾಗಿ ಬಣ್ಣ ಕೆರೆದು ಹೋದದ್ದು.

ಬಲದಲ್ಲಿ ಡೆನಿಮ್ಮಿಗೆ ಕೊರತೆಯಿಲ್ಲ. ತೊಂದರೆ ಅದರ ಪಕ್ಕದಲ್ಲಿ ಇರುವವರಿಗೆ. ನಾನು ಈ ಜೇಬಿನಡಿಯ ತುಂಡಿನ ಬಲಕ್ಕೆ ಒಂದು ಮಲ್ ಬಟ್ಟೆಯ ತುಂಡು ಇಟ್ಟಿದ್ದೆ. ತಿಳಿಗುಲಾಬಿ, ಕಡುನೀಲಿಯ ಪಕ್ಕ ಎಷ್ಟು ಚೆಂದ ಕಾಣುತ್ತಿತ್ತು ಗೊತ್ತೇ? ಈಗ ಆ ಜೋಡಣೆಯನ್ನು ಬೆರಳಿಂದ ಸವರಿ ನೋಡಿದರೆ ಡೆನಿಮ್ಮಿನ ಅಂಚು ಗುಡ್ಡದಂತೆ ಎದ್ದಿದೆ. ಮಲ್ ಬಟ್ಟೆ ಹೊಲಿಗೆಯ ಗೆರೆಯಗುಂಟ ಪಿಸಿದಿದೆ. ನಟ್ಟನಡುವೆ ಹರಿದಿಲ್ಲ, ಗಮನಿಸಿ. ಹೊಲಿಗೆಯಿಂದ ಒಂದೆರಡು ಎಳೆ ಆಚೆಗೆ, ಗೆರೆ ಎಳೆದಂತೆ ನೇರವಾಗಿ. ಯಾರಾದರೂ ಕೌದಿಯನ್ನು ಎಳೆದುಕೊಂಡಾಗ ಡೆನಿಮ್ ಹಿಗ್ಗುವುದಿಲ್ಲ, ಎಳೆತವೆಲ್ಲ ಪಕ್ಕದ ತೆಳು ಬಟ್ಟೆಯ ಅಂಚಿನ ಮೇಲೆ ಬೀಳುತ್ತದೆ. ಅದೇ ಮಲ್ ಬಟ್ಟೆಯ ಇನ್ನೊಂದು ತುಂಡು ಕೆಳಗಿನ ಸಾಲಿನಲ್ಲಿದೆ, ನಾಲ್ಕೂ ಕಡೆ ತೆಳು ಹತ್ತಿಯೇ. ಅದು ತೆಳ್ಳಗಾಗಿದೆ, ಆದರೆ ಇಡಿಯಾಗಿದೆ. ಒಂದೇ ಬಟ್ಟೆ, ಒಂದೇ ವಯಸ್ಸು. ನೆರೆಹೊರೆ ಮಾತ್ರ ಬೇರೆ.

ಈಗ ಪಾಲಿಯೆಸ್ಟರ್. ಇದನ್ನು ಬೈಯಲೆಂದೇ ಕೆಲವರು ಬಂದಿದ್ದೀರಿ ಎಂದು ಮುಖ ನೋಡಿದರೆ ಗೊತ್ತಾಗುತ್ತದೆ. 1941ರಲ್ಲಿ ಬ್ರಿಟನ್ನಿನ ವಿನ್‌ಫೀಲ್ಡ್ ಮತ್ತು ಡಿಕ್ಸನ್ ಎಂಬ ಇಬ್ಬರು ಇದರ ಎಳೆ ತೆಗೆದರು, ಟೆರಿಲೀನ್ ಎಂದು ಹೆಸರಾಯಿತು. ಟೆರಿಕಾಟ್ ಎನ್ನುವ ಮಾತಿನಲ್ಲಿರುವ 'ಟೆರಿ' ಅದೇ, 'ಕಾಟ್' ಹತ್ತಿಯದ್ದು. ಹತ್ತಿ ಸಾಮಾನ್ಯ ಹವೆಯಲ್ಲಿ ತನ್ನ ತೂಕದ ಶೇಕಡಾ 8ರಷ್ಟು ತೇವ ಹಿಡಿದಿಟ್ಟುಕೊಂಡರೆ ಪಾಲಿಯೆಸ್ಟರ್ ಹಿಡಿಯುವುದು ಶೇಕಡಾ 0.4ರಷ್ಟು. ನೀರು ಅದಕ್ಕೆ ತಾಗುವುದೇ ಇಲ್ಲ ಎನ್ನಬೇಕು. ಆದ್ದರಿಂದ ಉಬ್ಬುವುದೂ ಇಲ್ಲ, ಕುಗ್ಗುವುದೂ ಇಲ್ಲ, ಒದ್ದೆಯಾದರೂ ಬಲ ಬದಲಾಗುವುದಿಲ್ಲ. ನನ್ನ ಕೌದಿಯಲ್ಲಿ ಇದರ ಏಳು ತುಂಡಿವೆ, ಏಳೂ ಹೊಸದರಂತಿವೆ. ದೂರದಿಂದ ಮೊದಲು ನಿಮ್ಮ ಕಣ್ಣಿಗೆ ಬಿದ್ದದ್ದು ಅವೇ ಇರಬೇಕು. ಸುತ್ತಲಿದ್ದವರೆಲ್ಲ ನರೆತ ಮೇಲೆ ಒಬ್ಬರು ಮಾತ್ರ ತಲೆಗೆ ಬಣ್ಣ ಹಚ್ಚಿಕೊಂಡು ಬಂದಂತೆ.

ವಯಸ್ಸಾಗದಿರುವುದು ಗುಣವೇ ಅಲ್ಲವೇ ಎಂದು ಕೇಳಬಹುದು. ಒಂಟಿಯಾಗಿದ್ದರೆ ಗುಣವೇ. ಹತ್ತಿಯ ಜೊತೆ ಇದ್ದಾಗ ಎರಡು ತೊಂದರೆ. ಒಂದು ಆಗಲೇ ಹೇಳಿದ ಜಗ್ಗಾಟ: ಹತ್ತಿ ಕುಗ್ಗುತ್ತದೆ, ಇದು ಕುಗ್ಗುವುದಿಲ್ಲ, ನಡುವೆ ಗುಳ್ಳೆ ಎದ್ದಂತೆ ಬಟ್ಟೆ ಉಬ್ಬುತ್ತದೆ. ಇನ್ನೊಂದು ಉಂಡೆ ಕಟ್ಟುವುದು. ಇದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಉಂಡೆ ಕಟ್ಟುವುದು ಕಳಪೆ ಬಟ್ಟೆಯ ಲಕ್ಷಣ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ. ಉಜ್ಜಿದಾಗ ಎಲ್ಲ ಬಟ್ಟೆಯಲ್ಲೂ ಜುಂಗು ಏಳುತ್ತದೆ, ಸುತ್ತಿಕೊಂಡು ಸಣ್ಣ ಉಂಡೆಯಾಗುತ್ತದೆ. ಹತ್ತಿಯಲ್ಲಿ ಆ ಉಂಡೆಯ ಬೇರು ಬೇಗ ತುಂಡಾಗುತ್ತದೆ, ಉಂಡೆ ಉದುರಿಹೋಗುತ್ತದೆ. ಪಾಲಿಯೆಸ್ಟರಿನ ಎಳೆ ಗಟ್ಟಿ, ಬೇರು ತುಂಡಾಗುವುದಿಲ್ಲ, ಉಂಡೆ ಅಲ್ಲೇ ಜೋತುಬಿದ್ದಿರುತ್ತದೆ. ಎರಡನ್ನೂ ಬೆರೆಸಿ ನೇಯ್ದ ಟೆರಿಕಾಟಿನಲ್ಲಿ ಇನ್ನೂ ಕಷ್ಟ: ಏಳುವುದು ಹತ್ತಿಯ ಜುಂಗು, ಹಿಡಿದಿಟ್ಟುಕೊಳ್ಳುವುದು ಪಾಲಿಯೆಸ್ಟರಿನ ಎಳೆ. ಬೆರಕೆ ಬಟ್ಟೆ ವರ್ಷಗಳಲ್ಲಿ ತೆಳ್ಳಗಾಗುತ್ತ ಹೋಗುವುದಕ್ಕೂ ಇದೇ ಕಾರಣ. ಹತ್ತಿಯ ಪಾಲು ಮೊದಲು ಸವೆದು ಹೋಗುತ್ತದೆ, ಕೊನೆಗೆ ಜಾಳುಜಾಳಾದ ಪಾಲಿಯೆಸ್ಟರಿನ ಬಲೆ ಉಳಿಯುತ್ತದೆ.

ಎಣ್ಣೆಯ ಮಾತನ್ನೂ ಹೇಳಿಬಿಡುತ್ತೇನೆ. ಪಾಲಿಯೆಸ್ಟರ್ ನೀರನ್ನು ಒಲ್ಲೆ ಎನ್ನುತ್ತದೆ, ಮೈಯ ಜಿಡ್ಡನ್ನು ಮಾತ್ರ ಅಪ್ಪಿಕೊಳ್ಳುತ್ತದೆ. ತಲೆಯ ಕಡೆ, ಗಲ್ಲ ತಾಗುವ ಅಂಚಿನಲ್ಲಿ ಅದನ್ನು ಇಟ್ಟರೆ ಒಗೆದ ಮೇಲೂ ವಾಸನೆ ಉಳಿಯುತ್ತದೆ. ಕಾಲಿನ ಕಡೆ ಇಡಿ, ಅಲ್ಲಿ ಒದೆಸಿಕೊಳ್ಳುವುದಕ್ಕೆ ಅದರಷ್ಟು ಗಟ್ಟಿಗರು ಯಾರೂ ಇಲ್ಲ.

ರೇಯಾನ್ ವಿಷಯಕ್ಕೆ ಬಂದರೆ ನನ್ನದೇ ಒಂದು ಪೆದ್ದುತನ ಹೇಳಬೇಕು. ಇದೂ ಹತ್ತಿಯ ಹಾಗೆ ಸೆಲ್ಯುಲೋಸೇ, ಎಂದರೆ ಗಿಡಮರಗಳ ನಾರಿನ ಮೂಲದ್ರವ್ಯವೇ. ಮರದ ತಿರುಳನ್ನು ಕರಗಿಸಿ ಎಳೆ ತೆಗೆದದ್ದು. ಇಳಿಬೀಳುವಾಗ ರೇಷ್ಮೆಯಂತೆ ಇರುತ್ತದೆ, ಬಣ್ಣ ಚೆನ್ನಾಗಿ ಹಿಡಿಯುತ್ತದೆ. ನನ್ನ ಹಳೆಯ ಒಂದು ಕೌದಿಯಲ್ಲಿ ನಡುವಿನ ದೊಡ್ಡ ಚೌಕಕ್ಕೆ ಹೂವಿನ ರೇಯಾನನ್ನೇ ಆರಿಸಿದ್ದೆ, ಯಾಕೆಂದರೆ ಅದೇ ಎಲ್ಲಕ್ಕಿಂತ ಸುಂದರ. ಮೊದಲ ಸಲ ನೆನೆಸಿ, ಎತ್ತಿ, ತಂತಿಯ ಮೇಲೆ ಅಡ್ಡಲಾಗಿ ಹಾಕಿದೆ. ಮೂರು ಪದರದ ಒದ್ದೆ ಕೌದಿಯ ಭಾರ ನಿಮಗೆ ಗೊತ್ತು. ಒಳಗೆ ಬಂದು ಒಂದು ಲೋಟ ನೀರು ಕುಡಿಯುವಷ್ಟರಲ್ಲಿ ಪರ್ ಎಂಬ ಸದ್ದು. ಹೋಗಿ ನೋಡಿದರೆ ಹೂವಿನ ಚೌಕ ತಂತಿಯ ಗೆರೆಗೆ ಸರಿಯಾಗಿ ಎರಡು ಹೋಳು. ಒಣಗಿದ್ದಾಗ ಚೆನ್ನಾಗಿಯೇ ಇದ್ದ ಬಟ್ಟೆ! ಆಮೇಲೆ ತಿಳಿಯಿತು, ಸಾಮಾನ್ಯ ವಿಸ್ಕೋಸ್ ರೇಯಾನ್ ಒದ್ದೆಯಾದಾಗ ತನ್ನ ಬಲದ ಅರ್ಧದಷ್ಟನ್ನು ಕಳೆದುಕೊಳ್ಳುತ್ತದೆ. ಹತ್ತಿಗೆ ನೇರ ಉಲ್ಟಾ. ಎರಡರ ಮೂಲದ್ರವ್ಯ ಒಂದೇ ಇದ್ದರೂ ರೇಯಾನಿನ ಒಳಗಿನ ಅಣುಗಳ ಸರಪಳಿಗಳು ಮೋಟು, ಜೋಡಣೆಯೂ ಸಡಿಲ. ನೀರು ಸುಲಭವಾಗಿ ನಡುವೆ ನುಗ್ಗುತ್ತದೆ. ಅವತ್ತಿನಿಂದ ನಾನು ಒದ್ದೆ ಕೌದಿಯನ್ನು ತಂತಿಗೆ ಹಾಕುವುದಿಲ್ಲ. ಮಂಚದ ಮೇಲೋ ಚಾಪೆಯ ಮೇಲೋ ಮಟ್ಟಸವಾಗಿ ಹರಡುತ್ತೇನೆ, ತಂತಿಯೇ ಗತಿಯಾದರೆ ಎರಡು ಮೂರು ತಂತಿಗೆ ಭಾರ ಹಂಚುತ್ತೇನೆ.

ರೇಷ್ಮೆ ಎಂದರೆ ಎಲ್ಲರಿಗೂ ಒಂದು ಮೋಹ. ಎಳೆಗೆ ಎಳೆ ಹೋಲಿಸಿದರೆ ರೇಷ್ಮೆ ಬಹಳ ಗಟ್ಟಿ, ಅದರಲ್ಲಿ ಅನುಮಾನವಿಲ್ಲ. ಬೆವರು ಮತ್ತು ಬಿಸಿಲು, ಈ ಎರಡೇ ಅದನ್ನು ಸೋಲಿಸುವುದು. ಕೌದಿಗೆ ಸಿಗುವುದೂ ಅವೆರಡೇ. ಹತ್ತಿ ಹಳತಾದರೆ ತೆಳ್ಳಗಾಗುತ್ತದೆ, ರೇಷ್ಮೆ ಹಳತಾದರೆ ಸೀಳುತ್ತದೆ. ಇಲ್ಲಿ ನೋಡಿ, ಹಾಸಿನ ಎಳೆಗಳೆಲ್ಲ ಒಂದೇ ದಿಕ್ಕಿಗೆ ಕತ್ತರಿಸಿದಂತೆ ಬಿಟ್ಟುಕೊಂಡಿವೆ, ಹೊಕ್ಕಿನ ಎಳೆಗಳು ಬಾಚಣಿಗೆಯ ಹಲ್ಲಿನ ಹಾಗೆ ಉಳಿದಿವೆ. ತೇಪೆ ಹಾಕೋಣವೆಂದರೆ ಸೂಜಿ ಚುಚ್ಚಿದಲ್ಲೆಲ್ಲ ಇನ್ನೊಂದು ಸೀಳು.

ಇದರ ಹಿಂದೆ ಒಂದು ವ್ಯಾಪಾರದ ಕಥೆಯೂ ಇದೆ, ಸ್ವಲ್ಪ ದಾರಿ ತಪ್ಪಿದರೂ ಹೇಳುತ್ತೇನೆ. ಗೂಡಿನಿಂದ ತೆಗೆದ ರೇಷ್ಮೆಗೆ ಒಂದು ಅಂಟು ಇರುತ್ತದೆ. ಅದನ್ನು ಬೇಯಿಸಿ ತೆಗೆದರೆ ತೂಕದಲ್ಲಿ ಸುಮಾರು ಕಾಲುಭಾಗ ಹೋಗುತ್ತದೆ. ತೂಕಕ್ಕೆ ಮಾರುವವನಿಗೆ ಅದು ನಷ್ಟ. 19ನೆಯ ಶತಮಾನದ ಕೊನೆಯಲ್ಲಿ ಯುರೋಪು-ಅಮೆರಿಕದ ಕಾರ್ಖಾನೆಗಳು ತವರದ ಲವಣಗಳಲ್ಲಿ ರೇಷ್ಮೆಯನ್ನು ಅದ್ದಿ ಆ ತೂಕವನ್ನು ಮರಳಿ ತುಂಬಿಸಿದವು, ಹಲವು ಸಲ ಹೋದದ್ದಕ್ಕಿಂತ ಹೆಚ್ಚೇ ತುಂಬಿಸಿದವು. ಬಟ್ಟೆ ಕೈಗೆ ಭಾರವಾಗಿ, ಗರಿಗರಿಯಾಗಿ ಬರುತ್ತಿತ್ತು. ಅದೇ ಹೊತ್ತಿಗೆ, 1880ರ ದಶಕದಲ್ಲಿ, ಅಮೆರಿಕದಲ್ಲಿ ಅಂಕುಡೊಂಕು ರೇಷ್ಮೆ ತುಂಡುಗಳ ಕೌದಿ ಹೊಲಿಯುವ ಹುಚ್ಚು ಹಬ್ಬಿತ್ತು. ಆ ಕೌದಿಗಳು ಇಂದು ಹೇಗಿವೆ? ಅಕ್ಕಪಕ್ಕದ ಎರಡು ತುಂಡುಗಳಲ್ಲಿ ಒಂದು ಇವತ್ತಿಗೂ ಹೊಳೆಯುತ್ತದೆ, ಇನ್ನೊಂದು ಪುಡಿಯಾಗಿ ಅದರ ಸುತ್ತಲಿನ ಕಸೂತಿ ಮಾತ್ರ ಗಾಳಿಯಲ್ಲಿ ನಿಂತಂತಿದೆ. ಹೊಲಿದವರ ತಪ್ಪು ಏನೂ ಇಲ್ಲ. ಅವರು ಕೊಂಡದ್ದರಲ್ಲಿ ಎಷ್ಟು ರೇಷ್ಮೆ, ಎಷ್ಟು ಲೋಹ ಎಂದು ಅವರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಹಾಗಾದರೆ ರೇಷ್ಮೆಯ ಕೌದಿ ಉಳಿಯುವುದೇ ಇಲ್ಲವೇ? ಉಳಿಯುತ್ತದೆ. ಬ್ರಿಟನ್ನಿನಲ್ಲಿ ದಿನಾಂಕವಿರುವ ಅತಿ ಹಳೆಯ ತುಂಡುಜೋಡಣೆಯ ಹೊದಿಕೆ ರೇಷ್ಮೆಯದ್ದೇ. ಅದರ ಮೇಲೆ 1718 ಎಂದು ಹೊಲಿದಿದ್ದಾರೆ. ಪ್ರತಿ ತುಂಡನ್ನೂ ಒಂದು ಕಾಗದದ ಅಚ್ಚಿಗೆ ಮಡಚಿ ಹೊಲಿದದ್ದು, ಆ ಕಾಗದಗಳು ಒಳಗೆ ಇನ್ನೂ ಇವೆ. ಕಾಗದ ಇದೆ ಎಂದರೆ ಅರ್ಥವಾಯಿತಲ್ಲ? ಅದನ್ನು ಯಾರೂ ಒಂದು ಸಲವೂ ನೀರಿನಲ್ಲಿ ಅದ್ದಿ ಒಗೆದಿರಲಾರರು. ಮುನ್ನೂರು ವರ್ಷ ಬಾಳಿದ ಕೌದಿ ಎಂದು ಹೇಳುವ ಮೊದಲು ಅದು ಎಷ್ಟು ರಾತ್ರಿ ದುಡಿದಿದೆ ಎಂದೂ ಕೇಳಬೇಕು.

ಉಣ್ಣೆಯ ಮಾತು ಚಿಕ್ಕದು. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹುರುಪೆಯಂಥ ಪದರಗಳಿವೆ. ಬಿಸಿನೀರು, ಸೋಪು, ಉಜ್ಜಾಟ ಮೂರೂ ಸೇರಿದರೆ ಆ ಹುರುಪೆಗಳು ಒಂದಕ್ಕೊಂದು ಸಿಕ್ಕಿಕೊಂಡು ಬಟ್ಟೆ ಗಟ್ಟಿಕಂಬಳಿಯಾಗುತ್ತದೆ, ಅಳತೆ ಕಿರಿದಾಗುತ್ತದೆ, ಮತ್ತೆ ಬಿಡಿಸಲು ಬರುವುದಿಲ್ಲ. ಹತ್ತಿಯ ನಡುವೆ ಒಂದೇ ಒಂದು ಉಣ್ಣೆಯ ತುಂಡು ಹೊಲಿದರೆ ಅದು ಸುತ್ತಲಿನವರನ್ನೆಲ್ಲ ತನ್ನ ಕಡೆಗೆ ಸೆಳೆದು ಗಂಟು ಮುಖ ಮಾಡಿಕೊಂಡು ಕೂರುತ್ತದೆ. ಉಣ್ಣೆಯಾದರೆ ಎಲ್ಲವೂ ಉಣ್ಣೆ ಇರಲಿ. ನುಸಿಯ ಬಗ್ಗೆ ಒಂದು ಮಾತು: ಹಾರಾಡುವ ಪತಂಗ ಬಟ್ಟೆ ತಿನ್ನುವುದಿಲ್ಲ, ಅದರ ಮರಿಹುಳು ತಿನ್ನುತ್ತದೆ. ಅದಕ್ಕೂ ತೊಳೆದ ಉಣ್ಣೆಗಿಂತ ಬೆವರಿನ ಜಿಡ್ಡಿದ್ದ ಉಣ್ಣೆಯೇ ರುಚಿ. ಇನ್ನು ಬ್ಲೀಚ್. ಹತ್ತಿಯ ಕಲೆ ತೆಗೆಯಲು ಬಳಸುವ ಕ್ಲೋರಿನ್ ಬ್ಲೀಚಿನಲ್ಲಿ ಉಣ್ಣೆ ಮತ್ತು ರೇಷ್ಮೆ ಕರಗಿಯೇ ಹೋಗುತ್ತವೆ. ಬರೀ ಬಣ್ಣವಲ್ಲ, ಬಟ್ಟೆಯೇ. ಬೆರಕೆ ಕೌದಿಗೆ ಬ್ಲೀಚಿನ ಬಾಟಲಿ ತೋರಿಸಲೂಬೇಡಿ.

ಆ ಮೂರು ಇಲ್ಲದ ತುಂಡುಗಳು ಏನಾದವು ಎಂದು ಮುಂದಿನ ಸಾಲಿನವರು ಆಗಿನಿಂದ ಕಣ್ಣಲ್ಲೇ ಕೇಳುತ್ತಿದ್ದಾರೆ. ಮೂರೂ ಕಂದು ಬಣ್ಣದವು. ಮೂರೂ ಒಂದೇ ಹತ್ತಿ ಬಟ್ಟೆಯ ಅಚ್ಚಿನ ತುಂಡು, ಅದೇ ಬಟ್ಟೆಯ ಕೆಂಪು ಅಚ್ಚಿನ ತುಂಡುಗಳು ಇನ್ನೂ ಇವೆ, ನೋಡಿ. ಇಲ್ಲಿ ಎಳೆಯ ದೋಷವಿಲ್ಲ, ಬಣ್ಣದ್ದು. ಹಳೆಯ ಪದ್ಧತಿಯಲ್ಲಿ ಕಡುಕಂದು, ಕಪ್ಪು ಬರಿಸಲು ಚೊಗರಿನ ಜೊತೆ ಕಬ್ಬಿಣದ ಉಪ್ಪು ಸೇರಿಸುತ್ತಾರೆ. ಬಣ್ಣವೇನೋ ಗಟ್ಟಿಯಾಗಿ ಕೂರುತ್ತದೆ. ಆದರೆ ಆ ಕಬ್ಬಿಣ ವರ್ಷಗಟ್ಟಲೆ ಬಟ್ಟೆಯೊಳಗೇ ಇದ್ದು, ಗಾಳಿ ಮತ್ತು ತೇವದ ಜೊತೆ ಸೇರಿ ಸೆಲ್ಯುಲೋಸನ್ನು ನಿಧಾನಕ್ಕೆ ಸುಡುತ್ತದೆ. ಬಟ್ಟೆ ಲಡ್ಡಾಗಿ ಉದುರುತ್ತದೆ. 19ನೆಯ ಶತಮಾನದ ಎಷ್ಟೋ ಕೌದಿಗಳಲ್ಲಿ ಕೆಂಪು ಹೂವು ಇದೆ, ನೀಲಿ ಎಲೆ ಇದೆ, ಕಂದು ಕಾಂಡ ಇದ್ದಲ್ಲಿ ಮಾತ್ರ ಕಾಂಡದ ಆಕಾರದ್ದೇ ತೂತು. ನನ್ನ ಬಟ್ಟೆಯನ್ನು ಯಾರೂ ಪರೀಕ್ಷೆ ಮಾಡಿಲ್ಲ, ಆದರೆ ಉದುರಿದ ರೀತಿ ಅದೇ: ಹೊಲಿಗೆಯ ಹತ್ತಿರ ಅಲ್ಲ, ಮಡಿಕೆಯಲ್ಲೂ ಅಲ್ಲ, ಬಣ್ಣ ಎಲ್ಲೆಲ್ಲಿತ್ತೋ ಅಲ್ಲೆಲ್ಲ.

ಬಣ್ಣ ಬಿಡುವುದು ಬೇರೆ, ಮಾಸುವುದು ಬೇರೆ. 1956ರಲ್ಲಿ ಮಾರುಕಟ್ಟೆಗೆ ಬಂದ ರಿಯಾಕ್ಟಿವ್ ಬಣ್ಣಗಳು ಹತ್ತಿಯ ಅಣುವಿಗೇ ಬೆಸೆದುಕೊಳ್ಳುತ್ತವೆ. ಚೆನ್ನಾಗಿ ತೊಳೆದು ಮುಗಿಸಿದ್ದರೆ ಆಮೇಲೆ ನೀರಿಗೆ ಬಿಡುವುದಿಲ್ಲ. ಮೇಲೆ ಅಂಟಿನಿಂದ ಕೂರಿಸಿದ ಪಿಗ್ಮೆಂಟ್ ಅಚ್ಚು ಹಾಗಲ್ಲ, ಬಟ್ಟೆಯ ಉಬ್ಬಿದ ಎಳೆಗಳ ಮೇಲಿಂದ ಉಜ್ಜಿಹೋಗುತ್ತದೆ. ಹೊಸ ತುಂಡನ್ನು ಬಿಳಿ ಒದ್ದೆ ಬಟ್ಟೆಯಿಂದ ಹತ್ತು ಸಲ ಉಜ್ಜಿ ನೋಡಿ, ಬಿಳಿಗೆ ಬಣ್ಣ ಹತ್ತಿದರೆ ಅದನ್ನು ಮೊದಲು ಬೇರೆಯಾಗಿ ನಾಲ್ಕು ಸಲ ಒಗೆಯಿರಿ. ಇಷ್ಟು ಸಾಕು.

ಹಿಗ್ಗುವ ಬಟ್ಟೆಗಳ ವಿಷಯ ಒಂದೇ ಮಾತಿನಲ್ಲಿ ಮುಗಿಸುತ್ತೇನೆ: ಬೇಡ. ಅವುಗಳೊಳಗಿನ ರಬ್ಬರಿನಂಥ ಎಳೆ ಶಾಖಕ್ಕೆ, ಕ್ಲೋರಿನ್ನಿಗೆ, ಕಾಲಕ್ಕೆ ಸೋತು ಹಿಗ್ಗಿದ್ದು ಮತ್ತೆ ಕುಗ್ಗುವುದಿಲ್ಲ, ತುಂಡು ಅಲೆ ಅಲೆಯಾಗಿ ಜೋಲುತ್ತದೆ. ವೆಲ್ವೆಟ್ ಮತ್ತು ಕಾರ್ಡುರಾಯ್‌ಗಳ ಚೆಂದವೆಲ್ಲ ಮೇಲೆ ನಿಂತ ಕೂದಲಿನಲ್ಲಿ. ಅದು ಉದುರಿದ ಮೇಲೂ ಅಡಿಯ ಬಟ್ಟೆ ಬಹಳ ವರ್ಷ ಬಾಳುತ್ತದೆ, ಬೋಳು ತಲೆಯವರು ದೀರ್ಘಾಯುಷಿಗಳಾದ ಹಾಗೆ. ಲಿನನ್ ನನಗೆ ಬಹಳ ಪ್ರೀತಿ. ಒಗೆದಷ್ಟೂ ನುಣುಪಾಗುತ್ತದೆ, ಹತ್ತಿಯಂತೆ ನೀರಿನಲ್ಲಿ ಗಟ್ಟಿಯೂ ಆಗುತ್ತದೆ. ಆದರೆ ಅದರ ಎಳೆ ಬಾಗುವ ಜಾತಿಯಲ್ಲ. ದಿನವೂ ಒಂದೇ ಗೆರೆಗೆ ಮಡಚಿಟ್ಟರೆ ಆ ಗೆರೆಯಲ್ಲೇ ಮುರಿಯುತ್ತದೆ. ಮಡಚುವ ಗೆರೆಯನ್ನು ಆಗಾಗ ಬದಲಿಸಿ. ಇವತ್ತು ಮೂರು ಮಡಿಕೆ, ಮುಂದಿನ ಸಲ ನಾಲ್ಕು. ಇದು ಲಿನನ್ನಿಗೆ ಮಾತ್ರವಲ್ಲ, ಪೂರ್ತಿ ಕೌದಿಗೂ ಒಳ್ಳೆಯದು.

ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು, ದಾರ ಎಷ್ಟು ಗಟ್ಟಿಯಿದ್ದರೆ ಒಳ್ಳೆಯದು ಎಂದು. ಗಟ್ಟಿಯಿದ್ದಷ್ಟೂ ಒಳ್ಳೆಯದು ಎಂದುಕೊಂಡಿದ್ದೆ ನಾನೂ. ಈಗ ಹಾಗೆ ಅನ್ನಿಸುವುದಿಲ್ಲ. ಎಳೆದಾಗ ಏನೋ ಒಂದು ಕಿತ್ತುಬರಲೇಬೇಕು ಎಂದಿಟ್ಟುಕೊಳ್ಳಿ. ದಾರ ಕಿತ್ತರೆ ಅರ್ಧ ಗಂಟೆಯಲ್ಲಿ ಮತ್ತೆ ಹೊಲಿಯಬಹುದು. ದಾರ ನಿಂತು ಬಟ್ಟೆ ಕಿತ್ತರೆ ತುಂಡನ್ನೇ ಬದಲಿಸಬೇಕು. ಹಾಗಾಗಿ ಮಲ್ ಬಟ್ಟೆಯಂಥ ತೆಳುವಿಗೆ ನಾನು ಹತ್ತಿಯ ದಾರವನ್ನೇ ಬಳಸುತ್ತೇನೆ. ಟಾಕೆ ಒತ್ತೊತ್ತಾಗಿರಲಿ. ಒತ್ತಾಗಿದ್ದರೆ ಎಳೆತ ಹೆಚ್ಚು ಟಾಕೆಗಳಿಗೆ ಹಂಚಿಹೋಗುತ್ತದೆ, ತುಂಡು ಹರಿದರೂ ಹರಿದ ಬಾಯಿ ಮುಂದಿನ ಟಾಕೆಯವರೆಗಷ್ಟೇ ಹೋಗುತ್ತದೆ.

ಇನ್ನೊಬ್ಬರು ಅಂಚಿನ ಪಟ್ಟಿಯ ಬಗ್ಗೆ ಕೇಳಿದರು. ಕೌದಿಯಲ್ಲಿ ಮೊದಲು ಹೋಗುವುದು ಅದೇ, ಅದರಲ್ಲೂ ಗಲ್ಲದ ಕಡೆಯದ್ದು. ಕೈಯಲ್ಲಿ ಹಿಡಿದು ಎಳೆಯುವುದು ಅಲ್ಲೇ, ಬೆವರು-ಜೊಲ್ಲು ಬೀಳುವುದೂ ಅಲ್ಲೇ. ನಾನು ಆ ಕಡೆಗೆ ಒಂದು ಗೇಣು ಅಗಲದ ಬೇರೆ ಹತ್ತಿ ಬಟ್ಟೆಯನ್ನು ದೊಡ್ಡ ಟಾಕೆಯಲ್ಲಿ ಮೇಲಿಂದ ಹೊದಿಸಿ ಹೊಲಿಯುತ್ತೇನೆ. ಕೊಳೆಯಾದಾಗ ಬಿಚ್ಚಿ ಅದೊಂದನ್ನೇ ಒಗೆಯುವುದು. ಇಡೀ ಕೌದಿಯನ್ನು ನೀರಿಗೆ ಇಳಿಸುವ ಸಂದರ್ಭ ಅರ್ಧಕ್ಕರ್ಧ ಕಡಿಮೆಯಾಗುತ್ತದೆ.

ಈ ಮೂರು ಖಾಲಿ ಜಾಗಗಳಿಗೆ ತೇಪೆ ಹಾಕಬೇಕು. ಹೊಸ ಪಾಪ್ಲಿನ್ ಮನೆಯಲ್ಲಿದೆ, ಬಣ್ಣವೂ ಹೊಂದುತ್ತದೆ. ಆದರೆ ಹಾಕುವುದಿಲ್ಲ. ಸುತ್ತಲಿನ ಹತ್ತಿ 19 ವರ್ಷ ಸವೆದು ಮೆತ್ತಗಾಗಿದೆ. ನಡುವೆ ಗಂಜಿಬಿಡದ ಹೊಸ ಬಟ್ಟೆ ಕೂತರೆ ಡೆನಿಮ್ ಮಲ್ ಬಟ್ಟೆಗೆ ಮಾಡಿದ್ದನ್ನೇ ಇದು ಉಳಿದವಕ್ಕೆ ಮಾಡುತ್ತದೆ. ಅದಕ್ಕೇ ಒಂದು ಹಳೆಯ ದುಪ್ಪಟಿ ಎತ್ತಿಟ್ಟಿದ್ದೇನೆ. ಅದರ ನಡುಭಾಗ ಪೂರ್ತಿ ಸವೆದಿದೆ, ಹಾಸಿಗೆಯ ಅಡಿಗೆ ಸಿಕ್ಕಿಸುತ್ತಿದ್ದ ಅಂಚುಗಳು ಹದವಾಗಿವೆ. ಎರಡು ಬೆರಳ ನಡುವೆ ಹಿಡಿದು, ಪಕ್ಕದ ತುಂಡನ್ನೂ ಹಾಗೇ ಹಿಡಿದು ನೋಡಿದೆ. ಕಣ್ಣುಮುಚ್ಚಿದರೆ ಯಾವುದು ಯಾವುದೆಂದು ತಿಳಿಯಲಿಲ್ಲ. ಬಣ್ಣ ಮಾತ್ರ ಸ್ವಲ್ಪವೂ ಹೊಂದುವುದಿಲ್ಲ, ಹಳದಿ.

ಈಗ ಮುಂದೆ ಬಂದು ಮುಟ್ಟಿ ನೋಡಬಹುದು. ಕಾರ್ಡುರಾಯ್, ಡೆನಿಮ್ ಯಾವುದನ್ನು ಬೇಕಾದರೂ ಎಳೆದು ನೋಡಿ, ಬೇಜಾರಿಲ್ಲ. ಬಲಗಡೆಯ ಮೇಲಿನ ಮೂಲೆಯ ರೇಷ್ಮೆಯನ್ನು ಮಾತ್ರ ಸವರುವ ಮೊದಲು ಕೈಯ ಉಂಗುರ ತೆಗೆದಿಡಿ.